ಟಿಕೆಟ್ಟಿನ ತವರುಮನೆ

ಹಳಿಯಾಳ
೧೨ ನವೆಂಬರ್ ೨೦೨೪, ಮಂಗಳವಾರ

ನನ್ನವ್ವಾ ಶಿವಗಂಗಾ,

ಆರಾಮ ಇದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಮುಂಡಗೋಡದಲ್ಲಿ ಥಂಡಿ ಶುರುವಾಗಿರಬೇಕು, ಕಿವಿಗೆ ಬಟ್ಟೆ ಕಟ್ಟಿಕೋ, ನಿನಗೆ ಮೊದಲಿನಿಂದಲೂ ಥಂಡಿ ಆಗಿಬರುವುದಿಲ್ಲ. ನಿಮ್ಮಪ್ಪನ ಮೊಣಕಾಲು ನೋವು ಹಾಗೇ ಇದೆ, ಮಾತು ಮಾತ್ರ ಕಡಿಮೆಯಾಗಿದೆ. ಮೂರು ವರ್ಷ ಸುದ್ದಿಯೇ ಕೇಳದವಳು ಈಗ ಯಾವ ಮುಖ ಇಟ್ಟುಕೊಂಡು ಕೇಳುತ್ತಾಳೆ ಎಂದು ನೀನು ಅಂದುಕೊಂಡರೆ ತಪ್ಪಿಲ್ಲ. ಫೋನು ಹಿಡಿದರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದಾಂಡೇಲಿ ಹಾದಿಯಲ್ಲಿ ಪ್ರವಾಸಿಗರಿಗೆಂದು ‘ನಮ್ಮ ತವರೂರು’ ಎಂಬ ಪಾರ್ಕು ಕಟ್ಟಿದ್ದಾರಲ್ಲ, ಅಲ್ಲಿ ಕಸ ಹೊಡೆಯುವ ನಮ್ಮ ಓಣಿಯ ಬಾಯಿಬಡಕಿ ಸಿದ್ದಕ್ಕನೇ ಹೋದ ವರ್ಷ ನನ್ನನ್ನು ಕೆಲಸಕ್ಕೆ ಸೇರಿಸಿದಳು. ಸಿಮೆಂಟಿಗೆ ಮಣ್ಣಿನ ಬಣ್ಣ ಬಳಿದ ಮನೆಗಳು, ಸಿಮೆಂಟಿನ ಆಕಳು. ವಾಸನೆಯಾದರೂ ಖರೇ ಇರಲೆಂದು ಆ ಆಕಳ ಹಿಂದೆ ದಿನಾ ಬೆಳಿಗ್ಗೆ ಹೊರಗಿನಿಂದ ಸೆಗಣಿ ತಂದು ಹಾಕುತ್ತಾರೆ! ಮೊದಮೊದಲು ನಕ್ಕು ನಕ್ಕು ಸಾಕಾಯಿತು. ನನ್ನ ಕೆಲಸ ತವರಿನ ಅವ್ವನದು. ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತು, ಟಿಕೆಟ್ಟು ತೆಗೆಸಿ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು. ಫೋಟೋ ಆದ ಮೇಲೆ ಅಕ್ಕಿ, ಕಾಯಿ, ಖಣ ಎಲ್ಲ ವಾಪಸು ಬುಟ್ಟಿಗೆ. ಒಂದೇ ತೆಂಗಿನಕಾಯಿ ಸಂಜೆತನಕ ಐವತ್ತು ಉಡಿ ಸುತ್ತುತ್ತದೆ. ಮ್ಯಾನೇಜರ್ ಮಧುಮತಿ ಮೊದಲ ದಿನವೇ ಹೇಳಿದ್ದಳು, “ಕಣ್ಣಾಗ ನೀರ ಬರಬೇಕ್ರಿ ಅಕ್ಕಾ, ಜನಕ್ಕ ಅದಽ ಬೇಕು.” ನನಗೆ ಕಷ್ಟವಾಗಲಿಲ್ಲ ಮಗಳೇ. ನೀನು ಆಸಿಮನ ಜೊತೆ ಹೊರಟು ನಿಂತ ದಿನ ನಿನ್ನ ಉಡಿಗೆ ಒಂದು ಹಿಡಿ ಅಕ್ಕಿ ಹಾಕದೆ ಕಳಿಸಿದವಳು ನಾನು. ಅದನ್ನೇ ನೆನೆಸಿಕೊಂಡು ಕಂಡವರ ಮಕ್ಕಳ ಮುಂದೆ ದಿನಾ ಅತ್ತೆ. ಥೂ, ಬರೆಯಲೂ ನಾಚಿಕೆ. ಅದಕ್ಕೆ ಪಗಾರ ಬೇರೆ ಕೊಡುತ್ತಿದ್ದರು.

ಯಾರ ಮೊಬೈಲಿನಲ್ಲಿ ನನ್ನ ಫೋಟೋ ನೋಡಿದ್ದೆಯೋ, ಮೊನ್ನೆ ಭಾನುವಾರ ನೀನೂ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಆಸಿಮ ಟಿಕೆಟ್ಟು ಹಿಡಿದು ತಲೆ ತಗ್ಗಿಸಿಕೊಂಡಿದ್ದ. ಪಾಳಿ ಬಂತು. ನೀನು ಸೆರಗೊಡ್ಡಿದೆ. ಬಾಗಿಲಲ್ಲಿ ಸಿದ್ದಕ್ಕ ಕಸಬರಿಗೆ ಹಿಡಿದು ನೋಡುತ್ತಿದ್ದಳು. ನಾನು ನಿನ್ನನ್ನು ಮಾತಾಡಿಸಿದರೆ ಸಂಜೆಗೆ ಓಣಿಗೆಲ್ಲ ಡಂಗುರ ಎಂದು ಹೆದರಿದೆ. ಗುರುತಿಲ್ಲದವಳ ಹಾಗೆ ಕುಂಕುಮ ಹಚ್ಚಿದೆ, ಅಕ್ಕಿ ಹಾಕಿದೆ, ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ತವರ ಮರೀಬ್ಯಾಡ ನನ್ನವ್ವ, ಬರಕೋತ ಇರು.” ಫೋಟೋ ಆಯಿತು. ನಾನು ಬುಟ್ಟಿ ಒಡ್ಡಿದೆ ಶಿವಗಂಗಾ, ನಿನ್ನ ಮುಂದೆಯೂ ಒಡ್ಡಿದೆ. ನೀನು ಕಾಯಿ, ಖಣ ಒಂದೊಂದೇ ತೆಗೆದಿಟ್ಟು, ಸೆರಗಿಗೆ ಅಂಟಿದ ಅಕ್ಕಿಯನ್ನೂ ಝಾಡಿಸಿ, “ಬರ್ತೇನ್ರಿ” ಅಂದೆ. ಹೆತ್ತವಳಿಗೆ ‘ರೀ’ ಅನ್ನುವಂತೆ ಮಾಡಿದೆನಲ್ಲ ನಾನು. ಆಮೇಲೆ ಮಧುಮತಿ ಬಂದು, “ಇವತ್ತ ಭಾಳ ಖರೇ ಖರೇ ಬಂತ್ ನೋಡ್ರಿ” ಎಂದು ಹೊಗಳಿದಳು.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. “ಹೆಂಗದಾಳ?” ಎಂದು ಕೇಳಿದರು. ನಿನ್ನೆಯಿಂದ ನಾನು ಕೆಲಸಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ. ಸಿದ್ದಕ್ಕನ ಮನೆಗೆ ನಾನೇ ಹೋಗಿ, ಅವತ್ತು ಬಂದವಳು ನನ್ನ ಮಗಳು ಎಂದೆ. “ನನಗ ಗೊತ್ತಿಲ್ಲೇನು? ನೀ ಮಾತಾಡಸ್ತೀ ಅಂತ ನೋಡಕೋತ ನಿಂತಿದ್ದೆ” ಅಂದಳು. ಆ ಬಾಯಿಬಡಕಿ ಈ ಎರಡು ದಿನ ಯಾರಿಗೂ ಹೇಳಿರಲಿಲ್ಲ.

ಉಳವಿ ಚನ್ನಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಆಸಿಮನನ್ನು ಕೇಳಿದೆನೆಂದು ಹೇಳು. ಅವನ ಹೆಸರನ್ನು ನಾನು ಬರೆದದ್ದು ಈ ಪತ್ರದಲ್ಲೇ ಮೊದಲು.

ನಿನ್ನ ಅವ್ವ,
ಶಿವವ್ವ

ತಾ.ಕ.: ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೂ ಕಟ್ಟೆಯ ಮೇಲೆ ಕೂತಿರುತ್ತೇನೆ. ನಿಮ್ಮಪ್ಪ ಬರುತ್ತೇನೆಂದು ಬಾಯಿಬಿಟ್ಟು ಹೇಳಿಲ್ಲ, ಆದರೆ ಅಂಗಿ ಇಸ್ತ್ರಿಗೆ ಕೊಟ್ಟು ಬಂದಿದ್ದಾರೆ. ಉಡಿ ತುಂಬುವಾಗ ನಿನ್ನ ಹೊಟ್ಟೆ ನನ್ನ ಕೈಗೆ ತಾಗಿತು. ಆ ಸಾಲಿನವರ ಮುಂದೆ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಎಷ್ಟನೇ ತಿಂಗಳು, ನನ್ನವ್ವಾ?