ಸೇತುವೆಯ ಮೇಲೆ ನಡೆದು ಹೋಗುತ್ತಿದ್ದವಳು

ಜುಲೈ ೯, ಗುರುವಾರ

ಬೆನ್ನು ನೋಯುತ್ತಿದೆ, ಆದರೂ ಮಲಗಲು ಮನಸ್ಸಿಲ್ಲ. ಸಂಜೆ ನಾನು ಓಡಿಸುತ್ತಿದ್ದ ಬಸ್ಸು ಸೇತುವೆ ಹತ್ತುವಾಗ ಒಬ್ಬ ಹೆಂಗಸು ಚೀಲವನ್ನು ಭುಜದಿಂದ ಭುಜಕ್ಕೆ ಬದಲಿಸುತ್ತಾ ನಡೆದು ಹೋಗುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ನನ್ನ ಹೆಂಡತಿ. ಟಿಕೆಟ್ ದರ ಏರಿದಂದಿನಿಂದ ಬಟ್ಟೆ ಅಂಗಡಿಯ ಕೆಲಸಕ್ಕೆ ನಡೆದೇ ಹೋಗಿಬರುತ್ತಿದ್ದಾಳಂತೆ.

ನಿಲ್ದಾಣವಲ್ಲದಿದ್ದರೂ ನಿಲ್ಲಿಸಿ ಬಾಗಿಲು ತೆರೆದೆ. ಬೇಡವೆಂದು ತಲೆಯಾಡಿಸಿದಳು. ಹಿಂದಿನ ಕಾರುಗಳು ಹಾರನ್ ಬಾರಿಸಿದವು, ಕಂಡಕ್ಟರ್ ಸೀಟಿ ಊದಿದ. ಹೊರಟುಬಿಟ್ಟೆ.

ದರ ಏರಿಸಿದರೆ ಮಾತ್ರ ನಮ್ಮ ಸಂಬಳ ಏರುತ್ತದೆ ಎಂದು ಸಂಘದ ಸಭೆಯಲ್ಲಿ ಗಂಟಲು ಹರಿದುಕೊಂಡವನು ನಾನೇ.

ಊಟಕ್ಕೆ ಕೂತಾಗ ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ಸಂಬಳ ಜಾಸ್ತಿ ಆಯ್ತು ಅಂತ ಅಷ್ಟು ಖುಷಿಯಾಗಿದ್ರಿ. ಅದು ನನ್ನ ಟಿಕೆಟ್ಟಿಗೇ ಹೋಗುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮತ್ತೆ ಬಸ್ಸು ಓಡೋಕೆ ದುಡ್ಡು ಎಲ್ಲಿಂದ ಬರ್ಬೇಕು ಕಣೇ?"

"ಬಸ್ಸಿಲ್ದಿದ್ರೆ ನಮ್ಮ ಅಂಗಡಿಗೆ ಗಿರಾಕಿ ಬರ್ತಾರಾ? ಆದ್ರೂ ನಮ್ಮ ಸಾಹುಕಾರ್ರು ಬಸ್ಸಿಗೆ ಬಿಡಿಗಾಸು ಕೊಡಲ್ಲ. ಒಬ್ಬೊಬ್ರೇ ಕಾರಲ್ಲಿ ಕೂತು ರಸ್ತೆ ತುಂಬ್ಸೋರೂ ಕೊಡಲ್ಲ. ಎಲ್ಲಾ ಹತ್ತೋರಿಂದ್ಲೇ ಕಿತ್ಕೊಂಡ್ರೆ ಕೊನೇಗೆ ಖಾಲಿ ಬಸ್ಸು ಓಡಿಸ್ತೀರೇನ್ರೀ?"

ಮುಂದಿನ ಸಭೆಯಲ್ಲಿ ಇದನ್ನೇ ಹೇಳಬೇಕು. ಕೇಳುವವರು ಯಾರೋ. ನಾಳೆಯಿಂದ ಬಸ್ಸಿನಲ್ಲೇ ಹೋಗು ಎಂದರೆ "ನೋಡೋಣ" ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಈಗ ಮಲಗಿದ್ದಾಳೆ. ಕಾಲು ಒತ್ತೋಣವೆಂದು ಮೆಲ್ಲನೆ ಮುಟ್ಟಿದೆ. ಪಾದ ಇನ್ನೂ ಬಿಸಿಯಾಗಿತ್ತು. ನಿದ್ದೆಯಲ್ಲೇ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.