ದೊಡ್ಡ ಡಾಕ್ಟರ ಲಿವರ್ ನುಂಗಿದ ಶಬ್ದ

ಅತ್ತಿಗೆಯವರಿಗೆ ನಮಸ್ಕಾರ. ಈ ಕಾರ್ಡು ಅಣ್ಣನ ಕೈಗೆ ಸಿಗದಿರಲಿ, ಊರೆಲ್ಲ ಡಂಗುರ ಹೊಡೆದಾನು.

ಕಿವಿಗೆ ಕೇಳದ ಶಬ್ದವನ್ನು ಮನುಷ್ಯರ ಹೊಟ್ಟೆಯೊಳಗೆ ಕಳಿಸಿ, ಲಿವರ್ ದಾಟುವಾಗ ಅದು ಎಷ್ಟು ಸೊರಗುತ್ತದೆ ಎಂದು ಅಳೆಯುವುದು ಇಲ್ಲಿ ನನ್ನ ಕೆಲಸ. ಲಿವರಿನಲ್ಲಿ ಕೊಬ್ಬು ಹೆಚ್ಚಿದಷ್ಟೂ ಶಬ್ದ ಸೊರಗುವುದೂ ಹೆಚ್ಚು. ಕಂಡವರಿಗೆಲ್ಲ ಪಥ್ಯ ಹೇಳುವ ನಮ್ಮ ದೊಡ್ಡ ಡಾಕ್ಟರು ನಿನ್ನೆ ತಾವೇ ಅಂಗಿ ಎತ್ತಿ ಮಲಗಿದರು. ಈ ವಾರ ಅಳೆಸಿಕೊಂಡವರಲ್ಲೆಲ್ಲ ಅವರ ಅಂಕಿಯೇ ಹೆಚ್ಚು!

"ನಿನ್ನ ಮೆಷಿನ್ ಕೆಟ್ಟಿದೆ ಕಣಯ್ಯಾ, ವಾಪಸ್ ಕಳಿಸು," ಎಂದು ಗುಡುಗಿದರು. ಮೆಷಿನ್ ಹೋದರೆ ನನ್ನ ಕೆಲಸವೂ ಹೋದಂತೆಯೇ. ನರ್ಸಮ್ಮನನ್ನು ಮಲಗಿಸಿ ಅಳೆದೆ, ಅಂಕಿ ಸರಿಯಾಗಿಯೇ ಬಂತು.

"ಈಗ ನೀನು ಮಲಗು," ಎಂದರು. ಮಲಗಿದೆ. ಈ ಕಡ್ಡಿ ಪೈಲ್ವಾನನ ಅಂಕಿ ಅವರದ್ದಕ್ಕಿಂತಲೂ ಮೇಲೆ ಹೋಯಿತು!

"ಅಬ್ಬಾ, ನನಗೊಬ್ಬ ಜೊತೆ ಸಿಕ್ಕಿದ!" ಎಂದು ಹೊಟ್ಟೆ ಕುಣಿಸಿ ನಕ್ಕರು. ಮೆಷಿನ್ ಉಳಿಯಿತು. ಇವತ್ತಿನಿಂದ ನಮ್ಮಿಬ್ಬರಿಗೂ ಲಿಫ್ಟ್ ಬಂದ್.

ನೀವು ಗಾಬರಿಯಾಗಬೇಡಿ, ಮದ್ದೇನೂ ಬೇಕಿಲ್ಲವಂತೆ. ಕರಿದ ತಿಂಡಿಯ ಡಬ್ಬಿ ಮಾತ್ರ ಸದ್ಯಕ್ಕೆ ಕಳಿಸಬೇಡಿ.

ಇದನ್ನು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಕೋಣೆ ಇರುವುದು ಆರನೆಯದರಲ್ಲಿ. ಪಕ್ಕದಲ್ಲೇ ದೊಡ್ಡ ಡಾಕ್ಟರು ಏದುಸಿರು ಬಿಡುತ್ತಾ, "ಯಾರಿಗಯ್ಯಾ ಕಾರ್ಡು? ನನ್ನ ಹೆಸರೇನಾದ್ರೂ ಬರೆದ್ಯಾ?" ಎಂದು ಇಣುಕುತ್ತಿದ್ದಾರೆ. ಕೈ ಅಡ್ಡ ಇಟ್ಟಿದ್ದೇನೆ. ಹೆಸರಂತೂ ಬರೆದಿಲ್ಲ.

ನಿಮ್ಮ ಮೈದುನ