ಆಲೆಮನೆಯಲ್ಲಿ ಬೆಂದ ಬೀಮು

ಅಪ್ಪಾ, ನಿನ್ನ ಮೊಂಡು ಮಗಳು ಬರೆಯುತ್ತಿದ್ದೇನೆ. ಸಾವಕಾಶವಾಗಿ ಕೂತು ಓದು. ಅಲ್ಲಾದರೂ ನಿನಗೆ ಕೆಲಸ ಕಡಿಮೆ ಇರಬೇಕಲ್ಲ?

ನಮ್ಮ ಗದ್ದೆಯ ಕಾಲುವೆ ಮೇಲಿನ ಚಪ್ಪಡಿ ಮುರಿದು ಕಬ್ಬಿನ ಗಾಡಿ ಉರುಳಿದ ವರ್ಷ ನೆನಪಿದೆಯಾ? ಅಂದಿನಿಂದ ಗಾಡಿಗಳು ಊರು ಸುತ್ತಿ ನಮ್ಮ ಆಲೆಮನೆಗೆ ಬರಬೇಕಾಯಿತು. ಸಿಮೆಂಟೇ ಇಲ್ಲದೆ, ಬೂದಿಯಿಂದ ಕಾಂಕ್ರೀಟಿನ ಬೀಮು ಮಾಡುವುದೇ ನನ್ನ ಎಂಟೆಕ್ ಕೆಲಸ ಎಂದಾಗ ನೀನು ಬೀಡಿ ಆರಿಸಿ ಕೇಳಿದೆ: "ನಿನ್ ಓದು ನಮ್ ಗಾಡಿಯ ಕಾಲುವೆ ದಾಟುಸ್ತದಾ ಮಗಾ?" ದಾಟಿಸುತ್ತದೆ ಎಂದುಬಿಟ್ಟೆ. ಚಿಕ್ಕಪ್ಪ ನಕ್ಕ. ಬೂದಿ ನಂಬಿ ಎತ್ತು ಕಳೆದುಕೊಳ್ಳುವುದು ಬೇಡ, ಸಿಮೆಂಟಿನದೇ ಹಾಕೋಣ ಎಂದ.

ಮೊದಲ ಬೀಮುಗಳನ್ನು ನಮ್ಮ ಕಣದಲ್ಲೇ ಹೊಯ್ದದ್ದು. ರಾಯಚೂರಿನ ಕಡೆಯಿಂದ ತರಿಸಿದ ಕಲ್ಲಿದ್ದಲ ಬೂದಿ, ಜಲ್ಲಿ, ಮರಳು. ಅಂಟಿಸಲು ಕಾಸ್ಟಿಕ್ ಸೋಡ, ಸಿಲಿಕೇಟಿನ ದ್ರಾವಣ. ನೀರು ಹಾಕಬೇಡಿ ಎಂದು ಹೇಳಿ ಹೋಗಿದ್ದೆ. ತಿರುಗಿ ಬಂದರೆ, ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಹುಯ್ದಿದ್ದೀಯ! ಬೀಮಿನ ಮೈಯೆಲ್ಲ ಬಿಳಿ ಉಪ್ಪು, ಉಗುರಿನಲ್ಲಿ ಕೆರೆದರೆ ಅಂಚು ಉದುರುತ್ತಿತ್ತು. ನಾನು ಸಿಡುಕಿದೆ. "ಎಳೇದು ಕಣವ್ವ, ಒಣಗಾಕ್ಬುಟ್ರೆ ಸೀಳ್ತದೆ ಅಂತ..." ಎನ್ನುತ್ತಾ ನೀನು ಗೋಣಿಚೀಲ ತೆಗೆಯತೊಡಗಿದೆ. ಸಿಮೆಂಟಿಗೆ ನೀರು ಕುಡಿಸಿ ಕುಡಿಸಿ ರೂಢಿಯಾದ ಕೈ, ಅದಕ್ಕೇನು ಗೊತ್ತು? ಈ ಕಾಂಕ್ರೀಟಿಗೆ ಬೇಕಾದದ್ದು ಕಾವು.

ಆ ಕಾವು ಎಲ್ಲಿಂದ ತರುವುದು? ಕಾಲೇಜಿನ ಓವನ್ನಿನಲ್ಲಿ ಬೀಮು ಹಿಡಿಸುವುದಿಲ್ಲ. ಆಲೆಮನೆ ಒಲೆಯ ಹಿಂದಿನ ಜಾಗ ಕೊಡು ಎಂದು ಗೋಗರೆದೆ. ನೀನು ಒಪ್ಪಿದ್ದೂ ಅಲ್ಲದೆ ಜೊತೆಗೇ ನಿಂತೆ. ಕಾಲೇಜಿನಲ್ಲಿ ಭಾರ ಹೇರಿ ನೋಡುವ ಪರೀಕ್ಷೆಗೆ ಒಂದು, ಕಾಲುವೆಗೆ ಮೂರು ಹೊಸ ಬೀಮು ಹೊಯ್ದು, ಟಾರ್ಪಾಲು ಮುಚ್ಚಿದೆವು. ಬೆಲ್ಲದ ಕೊಪ್ಪರಿಗೆ ಇಳಿಸಿದ ಮೇಲೂ ನೀನು ಕಬ್ಬಿನ ಸಿಪ್ಪೆ ತುರುಕಿ ಉರಿ ಆರದಂತೆ ನೋಡಿಕೊಂಡೆ. ಸಂತೆಬಾಚಹಳ್ಳಿ ಸಂತೆಯಲ್ಲೆಲ್ಲ ಸಾರಿಕೊಂಡು ಬಂದೆಯಂತೆ: "ಬೆಲ್ಲ ಬೇಯ್ಸೋ ಜಾಗ್ದಲ್ಲಿ ಕಲ್ಲು ಬೇಯಿಸ್ತಾವ್ಳೆ ನನ್ ಮಗ್ಳು." ಎಷ್ಟು ಜಂಬ ನಿನಗೆ!

ಪರೀಕ್ಷೆಗೆ ಇನ್ನೇನು ವಾರವಿದೆ ಅನ್ನುವಾಗ ಗಾಣದ ಪಕ್ಕ ಎದೆ ಹಿಡಿದುಕೊಂಡು ಕುಳಿತವನು ಏಳಲೇ ಇಲ್ಲ. ಒಂದು ವಾರ ತಡೆಯಬಾರದಿತ್ತಾ ಅಪ್ಪಾ? ನನಗೆ ಇವತ್ತಿಗೂ ಸಿಟ್ಟಿದೆ.

ಪರೀಕ್ಷೆಯ ದಿನದ್ದು ಹೇಳುತ್ತೇನೆ, ಕೇಳು. ಒಂದೇ ಅಳತೆ, ಒಂದೇ ಥರದ ಕಂಬಿ, ಎರಡು ಬೀಮು. ಮೊದಲು ಸಿಮೆಂಟಿನದನ್ನು ಯಂತ್ರಕ್ಕೆ ಕೊಟ್ಟೆವು, ಆಮೇಲೆ ನಿನ್ನದು. ನಿನ್ನದು ಕೊಂಚ ಹೆಚ್ಚೇ ಬಾಗಿತು. ಕೂದಲೆಳೆಯಂಥ ಬಿರುಕುಗಳು ಒಂದೊಂದಾಗಿ ಕೆಳಗಿನಿಂದ ಮೇಲೆ ಹತ್ತಿದವು. ಆದರೆ ತಟಕ್ಕನೆ ಮುರಿಯಲಿಲ್ಲ. ಸಿಮೆಂಟಿನದು ಕೈಚೆಲ್ಲಿದ ಭಾರವನ್ನೂ ತಾಳಿ, ಇನ್ನೂ ಸ್ವಲ್ಪ ತಾಳಿ, ಆಮೇಲೆ ಸೋತಿತು. ಮುಂಚೆಯೇ ಎಚ್ಚರಿಸಿ ಸೋಲುವುದೇ ಒಳ್ಳೆಯ ಬೀಮಿನ ಗುಣ. ನಾನು ಎಸ್‌ಟಿಡಿ ಬೂತಿಗೆ ಓಡಿದೆ. ನಂಬರು ಒತ್ತುವಾಗ, ಎತ್ತಿಕೊಳ್ಳಲು ನೀನು... ಫೋನು ಇಟ್ಟುಬಿಟ್ಟೆ.

ಉಳಿದ ಮೂರೂ ಈಗ ಕಾಲುವೆಯ ಮೇಲಿವೆ. ಚಪ್ಪಡಿ ಹಾಸಿ ಆದ ಮೇಲೂ ಚಿಕ್ಕಪ್ಪ ಗಾಡಿ ಬಿಡಲು ಒಲ್ಲೆ ಎಂದ. ಪರೀಕ್ಷೆಯ ಲೆಕ್ಕವನ್ನೆಲ್ಲ ಹೇಳಿದೆ, ಜಗ್ಗಲಿಲ್ಲ. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದು ಬೀಮುಗಳ ಅಡಿಯಲ್ಲೇ ನಿಂತೆ, ಈಗ ಹೊಡಿ ಎಂದೆ. ಅವನು ಹಗ್ಗ ಹಿಡಿದು ಹಾಗೇ ನಿಂತ. ಆಗ ಅವ್ವ ಇಳಿದು ಬಂದಳು. ನೀನು ಹೋದ ಮೇಲೆ ಆಲೆಮನೆಗೆ ಕಾಲೇ ಇಡದಿದ್ದವಳು, ನನ್ನ ಪಕ್ಕ ನಿಂತು ಮೇಲಕ್ಕೆ ಮುಖ ಮಾಡಿ ಹೇಳಿದಳು:

"ಒಡಿಯಪ್ಪ ಗಾಡಿಯ. ಅವ್ರು ಕಾಯ್ಸಿರೋದು ಕಣಪ್ಪ ಇವು, ನಮ್ ತಲೆ ಮ್ಯಾಲೆ ಬೀಳಾಕಿಲ್ಲ."

ಕಬ್ಬು ತುಂಬಿದ ಗಾಡಿ ದಾಟಿತು, ಅಪ್ಪಾ. ಅವ್ವ ದಡ ಹತ್ತಿ, ಗಾಡಿಯ ಹಿಂದೆಯೇ ಆಲೆಮನೆಗೆ ನಡೆದಳು.